ಸಸ್ಪೆಂಡ್ ಆದ ಹುಡುಗ, ಚಿಪ್ ಮತ್ತು ಒಂದು ಪುಟ್ಟ ಕಾಲೇಜು

ಮೈಕ್ರೋಪ್ರೊಸೆಸರ್ ಲ್ಯಾಬ್‌ನಲ್ಲಿ 8086 ಕಿಟ್ ಮುಂದೆ ಕೂತು ತಲೆ ಕೆರೆದುಕೊಂಡವರಿಗೆ ಇಂಟೆಲ್ ಹೆಸರು ಹೊಸದಾಗಿ ಹೇಳಬೇಕಾಗಿಲ್ಲ. ಆ ಕಂಪನಿ ಕಟ್ಟಿದ ಇಬ್ಬರಲ್ಲಿ ಒಬ್ಬ ರಾಬರ್ಟ್ ನಾಯ್ಸ್. ಇನ್ನೊಬ್ಬ ಗಾರ್ಡನ್ ಮೂರ್, ಅದೇ ಮೂರ್ಸ್ ಲಾ ಖ್ಯಾತಿಯವನು. ಇಂಟಿಗ್ರೇಟೆಡ್ ಸರ್ಕ್ಯೂಟ್ ಕಂಡುಹಿಡಿದವರಲ್ಲೂ ನಾಯ್ಸ್ ಒಬ್ಬ. ಆದರೆ ಈತ ನಮ್ಮ ಹಾಗೆ ಎಂಜಿನಿಯರಿಂಗ್ ಓದಲೇ ಇಲ್ಲ. ಓದಿದ್ದು ಬಿ.ಎ., ಅದೂ ಜೋಳದ ಹೊಲಗಳ ನಡುವಿನ ಒಂದು ಪುಟ್ಟ ಖಾಸಗಿ ಕಾಲೇಜಿನಲ್ಲಿ. ಅಲ್ಲಿಂದ ಒಂದು ಸೆಮಿಸ್ಟರ್ ಸಸ್ಪೆಂಡ್ ಕೂಡ ಆಗಿದ್ದ!

ನಾಯ್ಸ್ ಹುಟ್ಟಿದ್ದು 1927ರ ಡಿಸೆಂಬರ್ 12ರಂದು, ಅಮೆರಿಕದ ಅಯೋವಾ ರಾಜ್ಯದಲ್ಲಿ. ಅಪ್ಪ ಚರ್ಚಿನ ಪಾದ್ರಿ. ನಾಲ್ಕು ಗಂಡುಮಕ್ಕಳಲ್ಲಿ ಇವನು ಮೂರನೆಯವನು. ಅಪ್ಪನ ಕೆಲಸದ ಕಾರಣ ಊರಿಂದ ಊರಿಗೆ ಅಲೆದ ಕುಟುಂಬ ಕೊನೆಗೆ ಗ್ರಿನೆಲ್ ಎಂಬ ಸಣ್ಣ ಪಟ್ಟಣಕ್ಕೆ ಬಂದು ನೆಲೆಸಿತು. ಹನ್ನೆರಡನೇ ವಯಸ್ಸಲ್ಲಿ ಅಣ್ಣನ ಜೊತೆ ಸೇರಿ ಮನುಷ್ಯ ಕೂರುವಷ್ಟು ದೊಡ್ಡ ಗ್ಲೈಡರ್ ಮಾಡಿ, ಅಲ್ಲಿನ ಕಾಲೇಜಿನ ಕುದುರೆ ಲಾಯದ ಮಾಡಿನಿಂದ ಹಾರಿದ ಹುಡುಗ ಇವನು.

ಆ ಕಾಲೇಜೇ ಗ್ರಿನೆಲ್ ಕಾಲೇಜು. 1846ರಲ್ಲಿ ಶುರುವಾದದ್ದು. ಲಿಬರಲ್ ಆರ್ಟ್ಸ್ ಕಾಲೇಜು ಅಂದ ತಕ್ಷಣ ಅಲ್ಲಿ ಸೈನ್ಸ್ ಇರಲ್ಲ ಅಂತ ಅಂದ್ಕೋಬೇಡಿ. ಭೌತಶಾಸ್ತ್ರ, ಗಣಿತ, ಇತಿಹಾಸ, ಸಾಹಿತ್ಯ, ಸಂಗೀತ ಎಲ್ಲವೂ ಒಂದೇ ಸೂರಿನಡಿ. ಫಿಸಿಕ್ಸ್ ಮುಖ್ಯ ವಿಷಯವಾದರೂ ಉಳಿದವುಗಳಲ್ಲೂ ಒಂದಷ್ಟು ಓದಬೇಕು. ಇಂಥ ಕಾಲೇಜುಗಳಲ್ಲಿ ಹೆಚ್ಚಿನವು ಪದವಿವರೆಗೆ ಮಾತ್ರ, ಪಿಎಚ್.ಡಿ. ಇರುವುದಿಲ್ಲ. ಹಾಗಾಗಿ ಮೇಷ್ಟ್ರ ಗಮನವೆಲ್ಲ ಪದವಿ ವಿದ್ಯಾರ್ಥಿಗಳ ಮೇಲೇ. ಯಾರು ಹೇಗೆ ಓದ್ತಾರೆ, ಯಾರ ಮನೆ ಎಲ್ಲಿ, ಯಾರು ನಿನ್ನೆ ಕ್ಲಾಸಿಗೆ ಬರಲಿಲ್ಲ, ಎಲ್ಲಾ ಅವರಿಗೆ ಗೊತ್ತಿರುತ್ತೆ.

ನಾಯ್ಸ್‌ಗೆ ಸಿಕ್ಕ ಮೇಷ್ಟ್ರ ಹೆಸರು ಗ್ರಾಂಟ್ ಗೇಲ್. ಹುಡುಗ ಇನ್ನೂ ಹೈಸ್ಕೂಲಿನ ಕೊನೇ ವರ್ಷದಲ್ಲಿದ್ದಾಗಲೇ ತಮ್ಮ ಕಾಲೇಜಿನ ಫಿಸಿಕ್ಸ್ ಕ್ಲಾಸಿಗೆ ಕೂರಿಸಿಕೊಂಡವರು ಅವರು. 1945ರಲ್ಲಿ ನಾಯ್ಸ್ ಅದೇ ಕಾಲೇಜಿಗೆ ಸೇರಿದ. ಬರೀ ಪುಸ್ತಕದ ಹುಳು ಆಗಿರಲಿಲ್ಲ. ಓಬೋ ಎಂಬ ವಾದ್ಯ ನುಡಿಸುತ್ತಿದ್ದ, ಹಾಡುತ್ತಿದ್ದ, ನಾಟಕದಲ್ಲಿ ಪಾರ್ಟು ಮಾಡುತ್ತಿದ್ದ. 1947ರಲ್ಲಿ ಕಾಲೇಜುಗಳ ನಡುವಿನ ಡೈವಿಂಗ್ ಸ್ಪರ್ಧೆಯಲ್ಲಿ ಚಾಂಪಿಯನ್ ಕೂಡ ಆದ.

1948ರಲ್ಲಿ ಎಡವಟ್ಟಾಯ್ತು. ಹಾಸ್ಟೆಲಿನಲ್ಲಿ ಹವಾಯಿ ಶೈಲಿಯ ಪಾರ್ಟಿ. ಅದಕ್ಕೆ ಸುಟ್ಟ ಹಂದಿ ಬೇಕೇ ಬೇಕು. ನಾಯ್ಸ್ ಮತ್ತು ಅವನ ಗೆಳೆಯ ರಾತ್ರಿ ಹೋಗಿ ಹತ್ತಿರದ ಫಾರ್ಮಿನಿಂದ ಸುಮಾರು 11 ಕಿಲೋ ತೂಕದ ಹಂದಿ ಕದ್ದು ತಂದರು. ಪಾರ್ಟಿ ಜೋರಾಗಿಯೇ ನಡೆಯಿತು. ಮರುದಿನ ಮನಸ್ಸು ಚುಚ್ಚಿ, ಇಬ್ಬರೂ ತಾವಾಗಿಯೇ ಹೋಗಿ ತಪ್ಪೊಪ್ಪಿಕೊಂಡು ದುಡ್ಡು ಕೊಡ್ತೀವಿ ಅಂದರು. ಆದರೆ ಆ ಫಾರ್ಮಿನ ಯಜಮಾನ ಆ ಊರಿನ ಮೇಯರ್! ವಿಷಯ ಅಲ್ಲಿಗೆ ಮುಗಿಯಲಿಲ್ಲ. ಅಯೋವಾ ಪೂರ್ತಿ ರೈತರ ರಾಜ್ಯ, ಅಲ್ಲಿ ಸಾಕುಪ್ರಾಣಿ ಕದಿಯೋದು ಜೈಲಿಗೆ ಹೋಗುವಂಥ ಅಪರಾಧ. ಡಿಗ್ರಿ ಹಾಗಿರಲಿ, ಹುಡುಗನ ಮುಂದಿನ ಬದುಕೇ ಮಣ್ಣುಪಾಲಾಗುವ ಸ್ಥಿತಿ.

ಆಗ ಅಡ್ಡ ನಿಂತವರು ಗೇಲ್ ಮೇಷ್ಟ್ರು. ಅವರಿಗೆ ಇವನು ಒಂದು ರೋಲ್ ನಂಬರ್ ಆಗಿರಲಿಲ್ಲ. ಇಂಥ ಬುದ್ಧಿವಂತನನ್ನು ಒಂದು ಹಂದಿಗಾಗಿ ಕಳೆದುಕೊಳ್ಳುವುದು ಅವರಿಗೆ ಬೇಕಿರಲಿಲ್ಲ. ಅವರೂ ಕಾಲೇಜಿನ ಅಧ್ಯಕ್ಷರೂ ಸೇರಿ ಮಾತುಕತೆ ನಡೆಸಿ, ಹಂದಿಯ ಬೆಲೆ ಕಟ್ಟಿಕೊಟ್ಟು, ಪೊಲೀಸ್ ಕೇಸ್ ಆಗದಂತೆ ನೋಡಿಕೊಂಡರು. ಹಾಗಂತ ಶಿಕ್ಷೆ ತಪ್ಪಲಿಲ್ಲ. ಒಂದು ಸೆಮಿಸ್ಟರ್ ಸಸ್ಪೆನ್ಷನ್. ಆ ಅವಧಿಯಲ್ಲಿ ನಾಯ್ಸ್ ನ್ಯೂಯಾರ್ಕಿಗೆ ಹೋಗಿ ಒಂದು ವಿಮಾ ಕಂಪನಿಯಲ್ಲಿ ಲೆಕ್ಕಾಚಾರದ ಕೆಲಸ ಮಾಡಿದ. ಕ್ರೆಡಿಟ್ಸ್ ಮೊದಲೇ ಸಾಕಷ್ಟು ಇದ್ದದ್ದರಿಂದ ಮರಳಿ ಬಂದು 1949ರಲ್ಲಿ ತನ್ನ ಬ್ಯಾಚಿನ ಜೊತೆಗೇ ಫಿಸಿಕ್ಸ್ ಮತ್ತು ಗಣಿತದಲ್ಲಿ ಪದವಿ ಪಡೆದ.

ಅದೇ 1948ರಲ್ಲಿ ಇನ್ನೊಂದು ಘಟನೆಯೂ ನಡೀತು. ಬೆಲ್ ಲ್ಯಾಬ್ಸ್‌ನವರು ಟ್ರಾನ್ಸಿಸ್ಟರ್ ಬಗ್ಗೆ ಜಗತ್ತಿಗೆ ತಿಳಿಸಿದರು. ಅದನ್ನು ಕಂಡುಹಿಡಿದವರಲ್ಲಿ ಒಬ್ಬರಾದ ಜಾನ್ ಬಾರ್ಡೀನ್ ಗೇಲ್ ಅವರಿಗೆ ಹಳೇ ಪರಿಚಯ. ಬೆಲ್ ಲ್ಯಾಬ್ಸ್ ಮುಖ್ಯಸ್ಥ ಆಲಿವರ್ ಬಕ್ಲಿಯಂತೂ ಗ್ರಿನೆಲ್‌ನ ಹಳೇ ವಿದ್ಯಾರ್ಥಿ. ಗೇಲ್ ಬಿಡ್ತಾರಾ? ಇಬ್ಬರಿಗೂ ಕಾಗದ ಬರೆದರು. ಟ್ರಾನ್ಸಿಸ್ಟರ್ ಕುರಿತ ಪ್ರಬಂಧಗಳನ್ನು ತರಿಸಿಕೊಂಡರು. ದೊಡ್ಡ ದೊಡ್ಡ ಯೂನಿವರ್ಸಿಟಿಗಳೇ ಇನ್ನೂ ಪಾಠ ಮಾಡದ ವಿಷಯವನ್ನು ಹೊಲಗಳ ನಡುವಿನ ಆ ಕಾಲೇಜಿನಲ್ಲಿ ಮೇಷ್ಟ್ರೂ ಬೆರಳೆಣಿಕೆಯ ಹುಡುಗರೂ ಒಟ್ಟಿಗೆ ಕೂತು ಕಲಿತರು. ಅವರಲ್ಲಿ ಅದರ ಹುಚ್ಚು ಜಾಸ್ತಿ ಹಿಡಿದದ್ದು ನಾಯ್ಸ್‌ಗೆ.

ಸಣ್ಣ ಕಾಲೇಜಿಗೆ ಅದರದ್ದೇ ಮಿತಿ ಇರುತ್ತೆ. ಮುಂದಿನ ಸಂಶೋಧನೆಗೆ ಬೇಕಾದ ಲ್ಯಾಬ್ ಅಲ್ಲಿರಲಿಲ್ಲ. ನಾಯ್ಸ್ ಎಂಐಟಿಗೆ ಹೋದ, 1953ರಲ್ಲಿ ಪಿಎಚ್.ಡಿ. ಮುಗಿಸಿದ. ಫಿಲ್ಕೋ ಕಂಪನಿಯಲ್ಲಿ ಮೂರು ವರ್ಷ ಇದ್ದು, 1956ರಲ್ಲಿ ಟ್ರಾನ್ಸಿಸ್ಟರಿನ ಇನ್ನೊಬ್ಬ ಜನಕ ವಿಲಿಯಂ ಶಾಕ್ಲಿ ಬಳಿ ಕ್ಯಾಲಿಫೋರ್ನಿಯಾದಲ್ಲಿ ಕೆಲಸಕ್ಕೆ ಸೇರಿದ. ಶಾಕ್ಲಿ ಮಹಾ ಪ್ರತಿಭಾವಂತ, ಆದರೆ ಬಾಸ್ ಆಗಿ ಸಹಿಸೋಕೆ ಆಗದ ಮನುಷ್ಯ. 1957ರಲ್ಲಿ ಎಂಟು ಜನ ಒಟ್ಟಿಗೆ ಬಿಟ್ಟು ಹೊರಬಂದು ಫೇರ್‌ಚೈಲ್ಡ್ ಸೆಮಿಕಂಡಕ್ಟರ್ ಕಟ್ಟಿದರು. ನಾಯ್ಸ್ ಅವರಲ್ಲೊಬ್ಬ.

ಇಸಿಇಯವರು ಇಲ್ಲಿ ಸ್ವಲ್ಪ ಕಿವಿಗೊಡಿ. 1958ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಜ್ಯಾಕ್ ಕಿಲ್ಬಿ ಒಂದೇ ಜರ್ಮೇನಿಯಂ ತುಂಡಿನಲ್ಲಿ ಸರ್ಕ್ಯೂಟ್ ಮಾಡಿ ತೋರಿಸಿದ. ಆದರೆ ಭಾಗಗಳನ್ನು ಜೋಡಿಸಲು ಸಣ್ಣ ತಂತಿಗಳನ್ನು ಕೈಯಿಂದಲೇ ಅಂಟಿಸಬೇಕಿತ್ತು. ಸಾವಿರಗಟ್ಟಲೆ ತಯಾರಿಸೋಕೆ ಅದು ಆಗದ ಮಾತು. ಫೇರ್‌ಚೈಲ್ಡ್‌ನ ಜೀನ್ ಹೋರ್ನಿ ಸಿಲಿಕಾನ್ ಮೇಲೆ ಆಕ್ಸೈಡ್ ಪದರ ಉಳಿಸಿಕೊಳ್ಳುವ ಪ್ಲೇನಾರ್ ವಿಧಾನ ರೂಪಿಸಿದ್ದ. ಆಕ್ಸೈಡ್ ವಿದ್ಯುತ್ ಹರಿಯಲು ಬಿಡಲ್ಲ. ಹಾಗಾದ್ರೆ ಅದರ ಮೇಲೆಯೇ ಲೋಹದ ಗೆರೆಗಳನ್ನು ಹಾಸಿದರೆ ತಂತಿಗಳ ಕೆಲಸವೇ ಇಲ್ಲವಲ್ಲ? ಇದು 1959ರಲ್ಲಿ ನಾಯ್ಸ್‌ಗೆ ಹೊಳೆದದ್ದು. ಇವತ್ತಿನ ಚಿಪ್‌ಗಳೂ ಇದೇ ದಾರಿಯಲ್ಲಿ ಬಂದವು. ಕಿಲ್ಬಿಗೆ 2000ದಲ್ಲಿ ನೊಬೆಲ್ ಬಂತು. ಅಷ್ಟರಲ್ಲಿ ನಾಯ್ಸ್ ತೀರಿಕೊಂಡು ಹತ್ತು ವರ್ಷವಾಗಿತ್ತು.

1968ರಲ್ಲಿ ನಾಯ್ಸ್ ಮತ್ತು ಮೂರ್ ಇಂಟೆಲ್ ಶುರುಮಾಡಿದರು. ಅದಕ್ಕೆ ಮೊದಲು ದುಡ್ಡು ಹಾಕಿದವರಲ್ಲಿ ಗ್ರಿನೆಲ್ ಕಾಲೇಜೂ ಇತ್ತು! ನಾಯ್ಸ್ ಆಗ ಕಾಲೇಜಿನ ಟ್ರಸ್ಟಿ. ಕಾಲೇಜು ಮತ್ತು ಅದರ ಇತರ ಟ್ರಸ್ಟಿಗಳ ಕಡೆಯಿಂದ ಬಂದ 3 ಲಕ್ಷ ಡಾಲರ್ ಮುಂದೆ ಕೋಟಿ ಡಾಲರ್ ದಾಟಿ ಬೆಳೆಯಿತು. ಹಂದಿಯ ಬೆಲೆ ಬಡ್ಡಿ ಸಮೇತ ತೀರಿತು ಅನ್ನಬಹುದು.

1990ರ ಜೂನ್ 3ರಂದು ಟೆಕ್ಸಾಸ್‌ನ ಆಸ್ಟಿನ್‌ನಲ್ಲಿ ಹೃದಯಾಘಾತದಿಂದ ನಾಯ್ಸ್ ತೀರಿಕೊಂಡ. ಬರೇ 62 ವರ್ಷ.

ಒಳ್ಳೇ ಕಾಲೇಜು ಯಾವುದು ಅಂತ ಕೇಳಿದಾಗ ನಾವು ಪ್ಯಾಕೇಜ್, ರ್‍ಯಾಂಕಿಂಗ್, ಬಿಲ್ಡಿಂಗ್ ಲೆಕ್ಕ ಹಾಕ್ತೀವಿ. ನಾಯ್ಸ್‌ಗೆ ಅವನ ಕಾಲೇಜು ಕೊಟ್ಟದ್ದು ಎರಡೇ: ತನಗೇ ಗೊತ್ತಿಲ್ಲದ ಹೊಸ ವಿಷಯವನ್ನು ಶಿಷ್ಯರ ಜೊತೆ ಕೂತು ಕಲಿಯುವ ಮೇಷ್ಟ್ರು, ಮತ್ತು ತಪ್ಪು ಮಾಡಿದಾಗ ಶಿಕ್ಷೆ ಕೊಟ್ಟೂ ಬಾಗಿಲು ಮುಚ್ಚದ ದೊಡ್ಡತನ. ಗ್ರಿನೆಲ್ ಕ್ಯಾಂಪಸ್ಸಿನಲ್ಲಿ ಇವತ್ತು ವಿಜ್ಞಾನ ಕಟ್ಟಡಕ್ಕೆ ನಾಯ್ಸ್ ಹೆಸರಿದೆ. ಅಲ್ಲೇ ನಕ್ಷತ್ರ ನೋಡುವ ವೀಕ್ಷಣಾಲಯವೂ ಇದೆ. ಅದರ ಹೆಸರು ಗ್ರಾಂಟ್ ಗೇಲ್.