ಶಿವರಾಮ ಕಾರಂತ ಮತ್ತು ಕೈಗಾ ಅಣುಸ್ಥಾವರ ವಿರೋಧಿ ಚಳವಳಿ

ಕೋಟ ಶಿವರಾಮ ಕಾರಂತ (10 ಅಕ್ಟೋಬರ್ 1902 – 9 ಡಿಸೆಂಬರ್ 1997) ಕನ್ನಡದ ಕಾದಂಬರಿಕಾರರು, ಯಕ್ಷಗಾನ ಪ್ರಯೋಗಕಾರರು, ವಿಜ್ಞಾನ ಲೇಖಕರು ಹಾಗೂ ಪರಿಸರವಾದಿಗಳು. ತಮ್ಮ ಇಳಿವಯಸ್ಸಿನಲ್ಲಿ ಅವರು ಉತ್ತರ ಕನ್ನಡ ಜಿಲ್ಲೆಯ ಕೈಗಾದಲ್ಲಿ ಅಣುವಿದ್ಯುತ್ ಸ್ಥಾವರ ನಿರ್ಮಿಸುವುದನ್ನು ವಿರೋಧಿಸಿ, ಆ ಪ್ರಶ್ನೆಯನ್ನು ಚುನಾವಣಾ ಕಣಕ್ಕೂ ಕೊಂಡೊಯ್ದರು.

ಆರಂಭಿಕ ಜೀವನ ಮತ್ತು ಬರವಣಿಗೆ

ಕಾರಂತರು ಇಂದಿನ ಉಡುಪಿ ಜಿಲ್ಲೆಯ ಕೋಟದಲ್ಲಿ ಜನಿಸಿದರು. ಗಾಂಧೀಜಿಯವರ ಕರೆಗೆ ಓಗೊಟ್ಟು ಕಾಲೇಜು ವಿದ್ಯಾಭ್ಯಾಸವನ್ನು ತೊರೆದರು. ಪುತ್ತೂರಿನಲ್ಲಿ ದೀರ್ಘಕಾಲ ನೆಲೆಸಿ, ಅಲ್ಲಿನ ಬಾಲವನದಲ್ಲಿ ಮಕ್ಕಳ ಶಿಕ್ಷಣದ ಪ್ರಯೋಗಗಳನ್ನು ನಡೆಸಿದರು. 'ಚೋಮನ ದುಡಿ', 'ಮರಳಿ ಮಣ್ಣಿಗೆ', 'ಬೆಟ್ಟದ ಜೀವ' ಅವರ ಪ್ರಸಿದ್ಧ ಕಾದಂಬರಿಗಳು. 'ಮೂಕಜ್ಜಿಯ ಕನಸುಗಳು' ಕೃತಿಗೆ 1977ರ ಜ್ಞಾನಪೀಠ ಪ್ರಶಸ್ತಿ ದೊರೆಯಿತು. 'ಬಾಲ ಪ್ರಪಂಚ' ಮತ್ತು 'ವಿಜ್ಞಾನ ಪ್ರಪಂಚ' ಸಂಪುಟಗಳ ಮೂಲಕ ವಿಜ್ಞಾನವನ್ನು ಕನ್ನಡದ ಓದುಗರಿಗೆ ತಲುಪಿಸಿದರು. ತುರ್ತುಪರಿಸ್ಥಿತಿಯನ್ನು ಪ್ರತಿಭಟಿಸಿ ಪದ್ಮಭೂಷಣ ಪ್ರಶಸ್ತಿಯನ್ನು ಹಿಂದಿರುಗಿಸಿದರು.

ಚಳವಳಿಯ ಹಿನ್ನೆಲೆ

ಕೈಗಾ ಕಾರವಾರ ತಾಲ್ಲೂಕಿನಲ್ಲಿ, ಪಶ್ಚಿಮ ಘಟ್ಟದ ಕಾಡಿನ ನಡುವೆ, ಕಾಳಿ ನದಿಯ ದಂಡೆಯಲ್ಲಿದೆ. ಈ ನದಿ ಕಾರವಾರದ ಬಳಿ ಅರಬ್ಬೀ ಸಮುದ್ರವನ್ನು ಸೇರುತ್ತದೆ. ಅಣುಸ್ಥಾವರದಿಂದ ಹೊರಬಿದ್ದ ವಿಕಿರಣಶೀಲ ವಸ್ತುಗಳು ಎಲ್ಲಿಗೆ ತಲುಪುತ್ತವೆ ಎಂಬುದನ್ನು ಗಾಳಿಯ ದಿಕ್ಕು, ಮಳೆ ಮತ್ತು ನೀರಿನ ಹರಿವನ್ನು ಆಧರಿಸಿ ಲೆಕ್ಕಹಾಕಲಾಗುತ್ತದೆ. ಭಾರೀ ಮಳೆ ಬೀಳುವ ಕಣಿವೆಯಲ್ಲಿ ಇದು ಮುಖ್ಯ ಪ್ರಶ್ನೆಯಾಗಿತ್ತು.

1986ರ ಏಪ್ರಿಲ್ 26ರಂದು ಅಂದಿನ ಸೋವಿಯತ್ ಒಕ್ಕೂಟದ ಚೆರ್ನೋಬಿಲ್‌ನಲ್ಲಿ ಸಂಭವಿಸಿದ ಅಪಘಾತವು ಈ ಆತಂಕವನ್ನು ಹೆಚ್ಚಿಸಿತು. ಮರುದಿನ ಸಮೀಪದ ಪ್ರಿಪ್ಯಾಟ್ ನಗರದ ಸುಮಾರು 49,000 ನಿವಾಸಿಗಳನ್ನು ತೆರವುಗೊಳಿಸಲಾಯಿತು. ಬೀದಿ, ಕಟ್ಟಡಗಳನ್ನು ತೊಳೆದು, ಮೇಲ್ಮಣ್ಣನ್ನು ತೆಗೆದರೂ ನಗರ ಮತ್ತೆ ವಾಸಯೋಗ್ಯವಾಗಲಿಲ್ಲ. ಅಯೋಡಿನ್-131ರ ಅರ್ಧಾಯುಷ್ಯ ಸುಮಾರು 8 ದಿನಗಳು. ಆದರೆ ಮಣ್ಣಿಗೂ ಗೋಡೆಗಳಿಗೂ ಅಂಟಿಕೊಳ್ಳುವ ಸೀಸಿಯಂ-137ರ ಅರ್ಧಾಯುಷ್ಯ ಸುಮಾರು 30 ವರ್ಷಗಳು. ಹೀಗಾಗಿ ಸ್ಥಾವರವನ್ನು ಎಲ್ಲಿ ಕಟ್ಟಬೇಕು, ಕಟ್ಟಬೇಕೇ ಬೇಡವೇ ಎಂಬ ಚರ್ಚೆ ನಿರ್ಮಾಣಕ್ಕೆ ಮುನ್ನವೇ ನಡೆಯಬೇಕಾದ ವಿಷಯವಾಯಿತು.

1989ರ ಚುನಾವಣೆ

1989ರ ಲೋಕಸಭಾ ಚುನಾವಣೆಯಲ್ಲಿ ಕಾರಂತರು ಉತ್ತರ ಕನ್ನಡದ ಕೆನರಾ ಕ್ಷೇತ್ರದಿಂದ ಸ್ಪರ್ಧಿಸಿದರು. ಆಗ ಅವರಿಗೆ 87 ವರ್ಷ. ಪರಿಸರ ರಕ್ಷಣೆ ಅವರ ಪ್ರಚಾರದ ಮುಖ್ಯ ವಿಷಯವಾಗಿತ್ತು. ಚುನಾವಣೆಯಲ್ಲಿ ಅವರು ಸೋತರು. ಸ್ಥಾವರದ ಕಾಮಗಾರಿಯೂ ಮುಂದುವರಿಯಿತು.

ನಂತರದ ಬೆಳವಣಿಗೆಗಳು

1994ರ ಮೇ ತಿಂಗಳಲ್ಲಿ ನಿರ್ಮಾಣ ಹಂತದಲ್ಲಿದ್ದ ಮೊದಲ ಘಟಕದ ಗುಮ್ಮಟದ ಒಳಭಾಗದ ಕಾಂಕ್ರೀಟ್ ಕಳಚಿ ಬಿದ್ದಿತು. ಆಗ ಘಟಕದಲ್ಲಿ ಇಂಧನ ತುಂಬಿರಲಿಲ್ಲವಾದ್ದರಿಂದ ವಿಕಿರಣ ಸೋರಿಕೆಯಾಗಲಿಲ್ಲ. ಗುಮ್ಮಟದ ವಿನ್ಯಾಸವನ್ನು ಬದಲಿಸಿ ಮರುನಿರ್ಮಿಸಲಾಯಿತು. ಕಾರಂತರು ನಿಧನರಾದಾಗ ಸ್ಥಾವರ ಇನ್ನೂ ಕಾರ್ಯಾರಂಭ ಮಾಡಿರಲಿಲ್ಲ. 2000ರಲ್ಲಿ ಮೊದಲ ಎರಡು ಘಟಕಗಳು ವಾಣಿಜ್ಯ ಉತ್ಪಾದನೆಯನ್ನು ಆರಂಭಿಸಿದವು. ಇಂದು ತಲಾ 220 ಮೆಗಾವಾಟ್ ಸಾಮರ್ಥ್ಯದ 4 ಘಟಕಗಳು ಇಲ್ಲಿವೆ.

2009ರ ನವೆಂಬರ್‌ನಲ್ಲಿ ಸ್ಥಾವರದೊಳಗಿನ ಕುಡಿಯುವ ನೀರಿನ ಯಂತ್ರವೊಂದರಲ್ಲಿ ಟ್ರಿಟಿಯಂಯುಕ್ತ ಭಾರಜಲ ಸೇರಿದ್ದು ಪತ್ತೆಯಾಯಿತು. 50ಕ್ಕೂ ಹೆಚ್ಚು ಕಾರ್ಮಿಕರ ದೇಹದಲ್ಲಿ ಟ್ರಿಟಿಯಂ ಪ್ರಮಾಣ ಹೆಚ್ಚಿರುವುದು ಮೂತ್ರ ಪರೀಕ್ಷೆಯಿಂದ ತಿಳಿದುಬಂದಿತು. ಸ್ಥಾವರದ ಸುತ್ತಲಿನ ಗಾಳಿ, ನೀರು, ಮಣ್ಣು ಮತ್ತು ಆಹಾರದ ಮಾದರಿಗಳನ್ನು ಕೈಗಾದ ಪರಿಸರ ಸಮೀಕ್ಷಾ ಪ್ರಯೋಗಾಲಯವು ಪರೀಕ್ಷಿಸುತ್ತದೆ.

ಮಹತ್ವ

ಕಾರಂತರ ವಿರೋಧದಿಂದ ಯೋಜನೆ ನಿಲ್ಲಲಿಲ್ಲ. ಆದರೆ ತಜ್ಞರ ವಲಯಕ್ಕೆ ಸೀಮಿತವಾಗಿದ್ದ ವಿಕಿರಣ ಸುರಕ್ಷತೆಯ ಪ್ರಶ್ನೆಯು ಮತದಾರರ ಮುಂದೆ, ಕನ್ನಡದಲ್ಲಿ, ಚರ್ಚೆಗೆ ಬರಲು ಅವರ ಸ್ಪರ್ಧೆ ನೆರವಾಯಿತು.