ಬಣ್ಣ ಹೋಗದ ಬಟ್ಟೆಗಾಗಿ ಹಳೇ ಶೆಡ್ಡು ಹಿಡಿದ ವಿಲಿಯಂ ಮೋರಿಸ್

ಬಟ್ಟೆ ಅಂಗಡಿಗೆ ಬಂದ ಗಿರಾಕಿ ರೇಟಿನ ಜೊತೆಗೇ ಕೇಳೋ ಮಾತು ಒಂದೇ, ಬಣ್ಣ ಹೋಗುತ್ತಾ ಅಂತ. ಸುಮಾರು 150 ವರ್ಷದ ಹಿಂದೆ ಲಂಡನ್ನಿನಲ್ಲಿ ಇದೇ ಪ್ರಶ್ನೆಯ ಬೆನ್ನು ಹತ್ತಿದ ಒಬ್ಬ ವ್ಯಾಪಾರಿ ಕೊನೆಗೆ ತನ್ನದೇ ಬಣ್ಣದ ಕಾರ್ಖಾನೆ ಮಾಡಿಕೊಂಡ. ಹೆಸರು ವಿಲಿಯಂ ಮೋರಿಸ್. ಮೋರಿಸ್ ಕಾರು ಮಾಡಿದಾತ ಬೇರೆ, ಈತ ಬೇರೆ.

ಹುಟ್ಟಿದ್ದು 1834ರ ಮಾರ್ಚ್ 24ರಂದು, ಲಂಡನ್ ಪಕ್ಕದ ವಾಲ್ಥಮ್‌ಸ್ಟೋದಲ್ಲಿ. ಮನೆಯಲ್ಲಿ ದುಡ್ಡಿಗೆ ಕೊರತೆ ಇರಲಿಲ್ಲ. ಆಕ್ಸ್‌ಫರ್ಡ್‌ನಲ್ಲಿ ಓದಿ, 1856ರಲ್ಲಿ ಒಬ್ಬ ಆರ್ಕಿಟೆಕ್ಟ್ ಆಫೀಸಿಗೆ ಕೆಲಸ ಕಲಿಯೋಕೆ ಸೇರಿದ. ವರ್ಷ ತುಂಬೋದ್ರೊಳಗೆ ಬಿಟ್ಟ. ಡಿಗ್ರಿ ಅರ್ಧಕ್ಕೆ ಬಿಟ್ಟ ನನಗೆ ಇಲ್ಲಿ ಸ್ವಲ್ಪ ಸಮಾಧಾನ ಆಯ್ತು ಅನ್ನಿ. ಆದರೆ ಕಟ್ಟಡಗಳ ಮೇಲಿನ ಪ್ರೀತಿ ಆತನನ್ನ ಬಿಡಲಿಲ್ಲ.

1861ರಲ್ಲಿ ಗೆಳೆಯರ ಜೊತೆ ಕಂಪನಿ ಶುರು ಮಾಡಿದ. ಪೀಠೋಪಕರಣ, ಬಣ್ಣದ ಗಾಜು, ಗೋಡೆಗೆ ಅಂಟಿಸೋ ಚಿತ್ರದ ಕಾಗದ ಮಾರುತ್ತಿದ್ದರು. 1875ರಲ್ಲಿ ಕಂಪನಿ ಪೂರ್ತಿ ಈತನ ಕೈಗೆ ಬಂತು. ಆಮೇಲೆ ಬಟ್ಟೆ ಕಡೆ ಗಮನ ಹೋಯ್ತು, ತಲೆನೋವೂ ಅಲ್ಲೇ ಶುರುವಾಯ್ತು.

1856ರಲ್ಲಿ ಪರ್ಕಿನ್ ಅನ್ನೋ 18ರ ಹುಡುಗ ನೇರಳೆ ರಾಸಾಯನಿಕ ಬಣ್ಣ ಕಂಡುಹಿಡಿದಿದ್ದ. ಅದರ ಹಿಂದೆ ಸಾಲುಸಾಲಾಗಿ ಹೊಸ ಬಣ್ಣಗಳು ಬಂದವು. ಅಗ್ಗ, ಕಣ್ಣು ಕೋರೈಸೋ ಹೊಳಪು. ಆದರೆ ಅವುಗಳಲ್ಲಿ ಎಷ್ಟೋ ಬಿಸಿಲಿಗೆ ಬಿದ್ದರೆ ಮಂಕಾಗಿಬಿಡ್ತಿದ್ದವು. ಮೋರಿಸ್‌ಗೆ ಅದು ಒಪ್ಪಲಿಲ್ಲ. ಲೀಕ್ ಅನ್ನೋ ಊರಿನ ಥಾಮಸ್ ವಾರ್ಡ್ಲ್ ಎಂಬ ಬಣ್ಣಗಾರನ ಹತ್ತಿರ ಹೋಗಿ, ಹಳೇ ಪುಸ್ತಕ ಹುಡುಕಿ, ಗಿಡ ಬೇರುಗಳ ಬಣ್ಣ ಹಾಕೋದನ್ನ ಕಲಿತ. ಯಜಮಾನನಾದವನು ತಾನೇ ತೊಟ್ಟಿಗೆ ಕೈ ಇಟ್ಟು, ಕೈಯೆಲ್ಲ ನೀಲಿ ಮಾಡಿಕೊಂಡು ಓಡಾಡ್ತಿದ್ದ.

ಕಲಿತಿದ್ದೇನೋ ಆಯ್ತು, ಸ್ವಂತ ಜಾಗ ಬೇಕಲ್ಲ? 1881ರ ಜೂನ್‌ನಲ್ಲಿ ಲಂಡನ್ನಿನ ದಕ್ಷಿಣಕ್ಕೆ ವಾಂಡಲ್ ನದಿ ದಂಡೆಯ ಮರ್ಟನ್ ಆ್ಯಬಿಯಲ್ಲಿ ಜಾಗ ಹಿಡಿದ. ಸುಮಾರು ಏಳು ಎಕರೆ. ಅಲ್ಲಿ ಮೊದಲಿಂದಲೂ ಬಟ್ಟೆ ಮೇಲೆ ಅಚ್ಚು ಹಾಕೋ ಕೆಲಸ ನಡೆದಿತ್ತು.

ವಿಕ್ಟೋರಿಯಾ ರಾಣಿ ಕಾಲದ ಕಾರ್ಖಾನೆ ಅಂದರೆ ಐದಾರು ಮಹಡಿ, ಆಕಾಶಕ್ಕೆ ಚಿಮಣಿ ಅಂತ ನಮ್ಮ ಕಣ್ಣಿಗೆ ಬರುತ್ತೆ. ಇದು ಹಾಗಿರಲಿಲ್ಲ. ಎರಡೇ ಅಂತಸ್ತಿನ ಉದ್ದುದ್ದ ಶೆಡ್ಡುಗಳು, ಮರದ ಹಲಗೆ ಗೋಡೆ, ಮೇಲೆ ಕೆಂಪು ಹೆಂಚು. ಪಕ್ಕದಲ್ಲೇ ಹರಿಯೋ ನೀರು, ಸುತ್ತ ಮರಗಳು. ಮೋರಿಸ್ ಅದನ್ನ ಕೆಡವಿ ಹೊಸದು ಕಟ್ಟಲಿಲ್ಲ, ರಿಪೇರಿ ಮಾಡಿಸಿ ಬಳಸಿಕೊಂಡ. ಹಳೇ ಕಟ್ಟಡಗಳನ್ನ ಹಾಳು ಮಾಡಬಾರದು ಅಂತ 1877ರಲ್ಲೇ ಒಂದು ಸಂಘ ಕಟ್ಟಿದ್ದ ಮನುಷ್ಯ ಅಲ್ವಾ.

ಆ ಜಾಗ ಕೆಲಸಕ್ಕೆ ಹೇಳಿ ಮಾಡಿಸಿದಂಗಿತ್ತು. ನೀಲಿ ತೊಟ್ಟಿಗಳನ್ನ ನೆಲದೊಳಗೇ ಇಳಿಸಿದ್ದರು. ತೊಟ್ಟಿಯಿಂದ ಎತ್ತಿದಾಗ ಬಟ್ಟೆ ಹಸಿರು ಹಸಿರಾಗಿ ಕಾಣುತ್ತೆ, ಗಾಳಿ ತಾಗಿದ ಮೇಲೇ ನೀಲಿ ಆಗೋದು. ಕೆಂಪು ಕೊಡೋ ಮ್ಯಾಡರ್ ಬೇರು, ಅಂದರೆ ನಮ್ಮ ಮಂಜಿಷ್ಠದ ಜಾತಿಯದು, ಅದಕ್ಕೆ ವಾಂಡಲ್ ನೀರು ಚೆನ್ನಾಗಿ ಒಗ್ಗುತ್ತಿತ್ತು. ಬಟ್ಟೆ ಜಾಲಿಸೋಕೆ ನದಿ, ಬಿಸಿಲಿಗೆ ಹರಡೋಕೆ ಹುಲ್ಲುಗಾವಲು, ಮರದ ಅಚ್ಚು ಒತ್ತೋ ಕೋಣೆಗೆ ಸಾಲು ಕಿಟಕಿ. ಆಗ ಜಗತ್ತಿಗೆ ಗಿಡದ ನೀಲಿ ಹೆಚ್ಚಾಗಿ ಹೋಗುತ್ತಿದ್ದುದು ನಮ್ಮ ಬಂಗಾಳ, ಬಿಹಾರದ ಕಡೆಯಿಂದಲೇ.

ಇಲ್ಲೇ 1883ರಲ್ಲಿ ಸ್ಟ್ರಾಬೆರಿ ಕದಿಯೋ ಹಕ್ಕಿಗಳ ಪ್ರಸಿದ್ಧ ಬಟ್ಟೆ ತಯಾರಾಯ್ತು. ಮೊದಲು ಪೂರ್ತಿ ನೀಲಿಗೆ ಅದ್ದಿ, ಚಿತ್ರ ಬೇಕಾದ ಕಡೆ ನೀಲಿ ತೆಗೆದು, ಆಮೇಲೆ ಕೆಂಪು, ಹಳದಿ ಕೂರಿಸಬೇಕು. ದಿನಗಟ್ಟಲೆ ಕೆಲಸ.

ಹಂಗಾಗಿ ರೇಟೂ ಜಾಸ್ತಿ. ಅದೇ ವರ್ಷ ಮೋರಿಸ್ ಸಮಾಜವಾದಿ ಆದ. ಬೀದಿಯಲ್ಲಿ ನಿಂತು ಕೂಲಿಕಾರರ ಪರ ಭಾಷಣ ಮಾಡೋನು, ಆದರೆ ಈತನ ಬಟ್ಟೆ ಕೊಳ್ಳೋರು ಸಾಹುಕಾರರು. ಒಳ್ಳೇ ಮಾಲು ಮಾಡಿದರೆ ಬಡವರಿಗೆ ಎಟುಕಲ್ಲ, ಅಗ್ಗ ಮಾಡಿದರೆ ಬಣ್ಣ ನಿಲ್ಲಲ್ಲ. ಈ ಗಂಟು ಆತನಿಗೆ ಕೊನೇವರೆಗೂ ಬಿಚ್ಚೋಕಾಗಲಿಲ್ಲ.

1896ರ ಅಕ್ಟೋಬರ್ 3ರಂದು ತೀರಿಕೊಂಡಾಗ ವಯಸ್ಸು 62. ಕೆಲ್ಮ್‌ಸ್ಕಾಟ್ ಹಳ್ಳಿಯಲ್ಲಿ ಹೊಲದ ಗಾಡಿ ಮೇಲೆ ಶವ ಸಾಗಿಸಿ ಮಣ್ಣು ಮಾಡಿದರು. ಮರುವರ್ಷವೇ ಜರ್ಮನಿಯ ಕಂಪನಿ ರಾಸಾಯನಿಕ ನೀಲಿಯನ್ನ ಮಾರುಕಟ್ಟೆಗೆ ಬಿಟ್ಟಿತು.

ಮೋರಿಸ್ ಕಂಪನಿ 1940ರಲ್ಲಿ ಬಾಗಿಲು ಹಾಕಿತು. ಆ ಹೆಂಚಿನ ಶೆಡ್ಡುಗಳು ಈಗಿಲ್ಲ. ಹತ್ತಿರದಲ್ಲೇ ಇದ್ದ ಇನ್ನೊಂದು ಕಂಪನಿಯ ಅಚ್ಚುಮನೆ, ನೀರಿನ ಚಕ್ರ ಮಾತ್ರ ಉಳಿದು, ಅಲ್ಲಿ ಅಂಗಡಿ ಮುಂಗಟ್ಟು ನಡೀತಿವೆ. ಊರೂರಿನ ಹಳೇ ಕಟ್ಟಡ ಉಳಿಸಲು ಓಡಾಡಿದವನ ಸ್ವಂತ ಕಾರ್ಖಾನೆಯೇ ಉಳಿಯಲಿಲ್ಲ. ಬಟ್ಟೆ ಮಾತ್ರ ಲಂಡನ್ನಿನ ಮ್ಯೂಸಿಯಂನಲ್ಲಿದೆ, ಅದರ ನೀಲಿ ಇನ್ನೂ ನೀಲಿಯಾಗೇ ಇದೆ.