ಕಾನ್ಹೋಜಿ ಆಂಗ್ರೆ

ಕಾನ್ಹೋಜಿ ಆಂಗ್ರೆ (1669 – 4 ಜುಲೈ 1729) ಮರಾಠಾ ನೌಕಾಪಡೆಯ ಸರಖೇಲರು, ಅಂದರೆ ನೌಕಾಧಿಪತಿಗಳು. ಅಲಿಬಾಗ್ ಬಳಿಯ ಕೊಲಾಬಾ ಕೋಟೆ ಇವರ ಪ್ರಮುಖ ನೆಲೆಯಾಗಿತ್ತು. ಕೊಂಕಣ ಕರಾವಳಿಯ ವ್ಯಾಪಾರಿ ಹಡಗುಗಳು ತಮ್ಮಿಂದ ರಹದಾರಿ ಪಡೆಯಬೇಕೆಂದು ಇವರು ವಿಧಿಸಿ, ಪಡೆಯದವನ್ನು ಸೆರೆಹಿಡಿದರು. ಇದರಿಂದ ಇಂಗ್ಲಿಷರು ಇವರನ್ನು ಕಡಲ್ಗಳ್ಳನೆಂದು ಕರೆದರು. ಆದರೆ ಪೋರ್ಚುಗೀಸರು ಇಂಥದೇ ರಹದಾರಿಯನ್ನು 16ನೆಯ ಶತಮಾನದಲ್ಲಿಯೇ ಈ ಕಡಲಿನಲ್ಲಿ ಜಾರಿಗೊಳಿಸಿದ್ದರು.

ಇವರ ಮುಖ್ಯ ಯುದ್ಧನೌಕೆ ಗುರಾಬು. ಎರಡು ಅಥವಾ ಮೂರು ಹಾಯಿಕಂಬಗಳಿದ್ದ ಈ ಅಗಲವಾದ ಹಡಗು ಆಳವಿಲ್ಲದ ನೀರಿನಲ್ಲಿಯೂ ಚಲಿಸಬಲ್ಲುದಾಗಿತ್ತು. ಚೂಪಾದ ಮುಂಭಾಗದ ಮೇಲಿಂದ ನೇರ ಮುಂದಕ್ಕೆ ಹಾರುವಂತೆ ಫಿರಂಗಿಗಳನ್ನು ಇರಿಸಲಾಗುತ್ತಿತ್ತು. ಗಾಳಿ ನಿಂತಾಗ, ಹುಟ್ಟುಹಾಕಿ ನಡೆಸುವ ಗಲಬತ ಎಂಬ ಸಣ್ಣ ನೌಕೆಗಳು ಅದನ್ನು ಎಳೆದೊಯ್ಯುತ್ತಿದ್ದವು. 1721ರಲ್ಲಿ ಇಂಗ್ಲಿಷರೂ ಪೋರ್ಚುಗೀಸರೂ ಕೂಡಿ ಕೊಲಾಬಾದ ಮೇಲೆ ನಡೆಸಿದ ದಾಳಿ ವಿಫಲವಾಯಿತು. ಇವರ ಜೀವಿತಕಾಲದಲ್ಲಿ ಆ ಕೋಟೆ ಶತ್ರುವಶವಾಗಲಿಲ್ಲ.

1999ರ ಏಪ್ರಿಲ್‌ನಲ್ಲಿ ಭಾರತೀಯ ಅಂಚೆ ಇಲಾಖೆ ಹೊರತಂದ 3 ರೂಪಾಯಿಯ ಅಂಚೆಚೀಟಿಯಲ್ಲಿ ಇವರ ಗುರಾಬಿನ ಚಿತ್ರವಿದೆ.